ವಿದೇಶಕ್ಕೆ ಹೋಗುವ ದಾಖಲೆಗಳ ದೃಢೀಕರಣ: ಮೊಹರು ಯಾವುದಕ್ಕೆ ಸಾಕ್ಷಿ?

ವಿದೇಶದಲ್ಲಿ ಓದು, ಉದ್ಯೋಗ ಅಥವಾ ವಿವಾಹ ನೋಂದಣಿಗಾಗಿ ಜನನ ಪ್ರಮಾಣಪತ್ರ, ಅಂಕಪಟ್ಟಿಗಳನ್ನು ಸಿದ್ಧಪಡಿಸಿಕೊಳ್ಳುವವರಲ್ಲಿ ಬೇರೂರಿರುವ ಮೊದಲ ನಂಬಿಕೆಯೆಂದರೆ, ನೋಟರಿಯ ಮೊಹರು ಬಿದ್ದ ಕಾಗದ ಎಲ್ಲಿ ಬೇಕಾದರೂ ನಡೆಯುತ್ತದೆ ಎಂಬುದು. 1952ರ ನೋಟರಿಗಳ ಅಧಿನಿಯಮದಡಿ ಸರ್ಕಾರದಿಂದ ನೇಮಕಗೊಳ್ಳುವ ನೋಟರಿಯ ಕೆಲಸ, ದಸ್ತಾವೇಜಿಗೆ ಸಹಿ ಹಾಕಿದವರು ಇಂಥವರೇ ಎಂದು ದೃಢೀಕರಿಸುವುದು, ಅಫಿಡವಿಟ್ ಮಾಡಿಸುವುದು, ನಕಲನ್ನು ಮೂಲದೊಡನೆ ಹೋಲಿಸಿ ನೋಡುವುದು ಮೊದಲಾದವುಗಳಿಗೆ ಸೀಮಿತವಾದದ್ದು. ಐದು ಸೆಂಟಿಮೀಟರ್ ವ್ಯಾಸದ ಆ ದುಂಡು ಮೊಹರಿನ ಪಕ್ಕದಲ್ಲಿ ‘ಟ್ರೂ ಕಾಪಿ’ ಎಂದಿದ್ದರೆ, ನಕಲು ಮೂಲದಂತೆಯೇ ಇದೆ ಎಂದಷ್ಟೇ ಅದರ ಅರ್ಥ. ಮೂಲವೇ ಖೊಟ್ಟಿಯಾಗಿದ್ದರೆ, ಖೊಟ್ಟಿ ಕಾಗದದ ತದ್ರೂಪಿಗೆ ಮೊಹರು ಬಿದ್ದಂತಾಗುತ್ತದೆ. ಅಲ್ಲದೆ ಧಾರವಾಡದ ನೋಟರಿಯೊಬ್ಬರ ಸಹಿ ಹೇಗಿರುತ್ತದೆಂದು ಲಿಸ್ಬನ್ನಿನ ನೋಂದಣಿ ಕಚೇರಿಗೆ ತಿಳಿಯುವ ದಾರಿಯೇ ಇಲ್ಲ.

ಈ ತೊಡಕನ್ನು ಬಿಡಿಸಲೆಂದೇ 1961ರ ಅಕ್ಟೋಬರ್ 5ರಂದು ಹೇಗ್ ನಗರದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದರ ಪ್ರಕಾರ ಒಂದು ದೇಶದ ನಿಯೋಜಿತ ಪ್ರಾಧಿಕಾರವು ದಾಖಲೆಗೆ ಲಗತ್ತಿಸುವ ‘ಅಪೊಸ್ಟಿಲ್’ ಎಂಬ ಪತ್ರವನ್ನು ಉಳಿದ ಸದಸ್ಯ ದೇಶಗಳು ತಮ್ಮ ರಾಯಭಾರ ಕಚೇರಿಯ ಮೊಹರನ್ನು ಕೇಳದೆ ಒಪ್ಪಬೇಕು. ಭಾರತದ ಮಟ್ಟಿಗೆ ಒಪ್ಪಂದ ಜಾರಿಗೆ ಬಂದದ್ದು 2005ರ ಜುಲೈ 14ರಂದು. ಇಲ್ಲಿನ ಪ್ರಾಧಿಕಾರ ವಿದೇಶಾಂಗ ಸಚಿವಾಲಯ.

ಅಪೊಸ್ಟಿಲ್ ಬಿದ್ದರೆ ದಾಖಲೆಯ ವಿಷಯವನ್ನು ಭಾರತ ಸರ್ಕಾರವೇ ಪರಿಶೀಲಿಸಿ ಸತ್ಯವೆಂದು ಸಾರಿದಂತೆ ಎಂಬ ಭಾವನೆ ಓದಿದವರಲ್ಲೂ ಇದೆ, ಮತ್ತು ಉಳಿದ ಗೊಂದಲಗಳಲ್ಲಿ ಹೆಚ್ಚಿನವು ಇದರಿಂದಲೇ ಹುಟ್ಟುತ್ತವೆ. ಒಪ್ಪಂದದ ಮಾತು ಸ್ಪಷ್ಟವಾಗಿದೆ: ಅಪೊಸ್ಟಿಲ್ ಸಾಕ್ಷಿ ನುಡಿಯುವುದು ಸಹಿ ನಿಜವಾದದ್ದೇ, ಸಹಿ ಹಾಕಿದವರು ಯಾವ ಅಧಿಕಾರದಲ್ಲಿ ಹಾಕಿದರು, ಮೇಲಿರುವ ಮೊಹರು ಯಾರದು ಎಂಬ ಮೂರು ಸಂಗತಿಗಳಿಗೆ ಮಾತ್ರ. ಅದರಲ್ಲಿರುವ ಹತ್ತು ಅಂಕಣಗಳನ್ನು ಓದಿ ನೋಡಿದರೆ ದೇಶ, ಸಹಿದಾರರ ಹೆಸರು, ಹುದ್ದೆ, ಮೊಹರು, ಸ್ಥಳ, ದಿನಾಂಕ, ಕ್ರಮಸಂಖ್ಯೆ ಮುಂತಾದ ವಿವರಗಳು ಸಿಗುತ್ತವೆಯೇ ಹೊರತು, ವಿದ್ಯಾರ್ಥಿ ಎಷ್ಟು ಅಂಕ ಪಡೆದ ಎಂಬ ಬಗ್ಗೆ ಒಂದಕ್ಷರವೂ ಇರುವುದಿಲ್ಲ. ಸಚಿವಾಲಯದ ಮುಂದೆ ಹೋಗುವ ಮೊದಲು ಪದವಿ ಪ್ರಮಾಣಪತ್ರ ರಾಜ್ಯ ಸರ್ಕಾರದ ನಿಯೋಜಿತ ಇಲಾಖೆಯಲ್ಲಿ ದೃಢೀಕರಣಗೊಳ್ಳಬೇಕಾಗಿರುವುದೂ ಈ ಕಾರಣಕ್ಕೇ; ಒಂದೊಂದು ಮೊಹರೂ ತನ್ನ ಹಿಂದಿನ ಮೊಹರಿಗಷ್ಟೇ ಜಾಮೀನು ನಿಲ್ಲುತ್ತದೆ. ಕನ್ನಡದಲ್ಲಿರುವ ಹಳೆಯ ಜನನ ಪತ್ರದ ಇಂಗ್ಲಿಷ್ ಅನುವಾದವನ್ನು ನೋಟರಿ ಮಾಡಿಸಿ ಅಪೊಸ್ಟಿಲ್ ಪಡೆದರೂ ಅದು ನೋಟರಿಯ ಸಹಿಗೆ ಸಾಕ್ಷಿಯಾಗುತ್ತದೆ, ಮೂಲಪತ್ರಕ್ಕಲ್ಲ.

ಅಪೊಸ್ಟಿಲ್ ಜಗತ್ತಿನ ಎಲ್ಲೆಡೆ ಸಲ್ಲುತ್ತದೆ ಎಂಬುದೂ ಸರಿಯಲ್ಲ. ಕರಾವಳಿಯಿಂದ ಸಾವಿರಾರು ಮಂದಿ ದುಡಿಯಲು ಹೋಗುವ ಸಂಯುಕ್ತ ಅರಬ್ ಸಂಸ್ಥಾನ ಈ ಒಪ್ಪಂದಕ್ಕೆ ಸೇರಿದ ದೇಶವಲ್ಲ. ಅಲ್ಲಿಗೆ ಹೋಗುವ ದಾಖಲೆಗೆ ಸಚಿವಾಲಯದ ಸಾಮಾನ್ಯ ದೃಢೀಕರಣದ ಬಳಿಕ ಆ ದೇಶದ ರಾಯಭಾರ ಕಚೇರಿಯ ಮೊಹರೂ ಬೇಕು. ಪಟ್ಟಿ ಬದಲಾಗುತ್ತಲೂ ಇರುತ್ತದೆ: ಸೌದಿ ಅರೇಬಿಯಾದಲ್ಲಿ ಒಪ್ಪಂದ 2022ರ ಡಿಸೆಂಬರ್‌ನಲ್ಲಿ, ಕೆನಡಾದಲ್ಲಿ 2024ರ ಜನವರಿಯಲ್ಲಿ ಜಾರಿಗೆ ಬಂದಿತು. ಇಬ್ಬರೂ ಸದಸ್ಯರಾಗಿದ್ದ ಮಾತ್ರಕ್ಕೆ ಸಾಲದು ಎಂಬುದಕ್ಕೆ ಜರ್ಮನಿಯೇ ಉದಾಹರಣೆ; ಭಾರತದ ಸೇರ್ಪಡೆಗೆ ಅದು ಆಕ್ಷೇಪ ಸಲ್ಲಿಸಿದ್ದರಿಂದ ಈ ಎರಡು ದೇಶಗಳ ನಡುವೆ ಒಪ್ಪಂದ ಜಾರಿಗೆ ಬರಲಿಲ್ಲ.

ಏಜೆಂಟರೇ ಅಪೊಸ್ಟಿಲ್ ಕೊಡುತ್ತಾರೆಂದು ತಿಳಿದು ಸಾವಿರಗಟ್ಟಲೆ ಹಣ ತೆರುವವರಿದ್ದಾರೆ. ಸಚಿವಾಲಯವು ಸಾರ್ವಜನಿಕರಿಂದ ನೇರವಾಗಿ ಕಾಗದಗಳನ್ನು ಸ್ವೀಕರಿಸದೆ ತಾನು ನೇಮಿಸಿದ ಸಂಸ್ಥೆಗಳ ಮೂಲಕ ಪಡೆಯುತ್ತದೆ ಎಂಬುದು ನಿಜ. ಆದರೆ ಸಚಿವಾಲಯದ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ, ಉಳಿದದ್ದೆಲ್ಲ ಸೇವಾಶುಲ್ಕ. 2019ರಿಂದ ಈ ಕೆಲಸ ಬೆಂಗಳೂರಿನಲ್ಲಿಯೂ ನಡೆಯುತ್ತಿರುವುದರಿಂದ ಕಾಗದ ದೆಹಲಿಗೇ ಹೋಗಬೇಕೆಂಬ ಮಾತೂ ಹಳೆಯದಾಗಿದೆ.

ಅಪೊಸ್ಟಿಲ್‌ಗೆ ಒಪ್ಪಂದವು ಅವಧಿಯನ್ನು ವಿಧಿಸಿಲ್ಲ. ಹಳತಾಗುವುದು ಅದರಡಿಯಲ್ಲಿರುವ ಪೊಲೀಸ್ ಪರಿಶೀಲನಾ ಪತ್ರದಂಥ ದಾಖಲೆ.

ಇನ್ನೊಂದು ತಪ್ಪು ತಿಳಿವಳಿಕೆ ವಿದೇಶದಲ್ಲಿರುವ ಕನ್ನಡಿಗರಿಗೆ ಸಂಬಂಧಿಸಿದ್ದು. ದಾಖಲೆ ಯಾವ ದೇಶದ್ದೋ ಆ ದೇಶವೇ ಅಪೊಸ್ಟಿಲ್ ಕೊಡಬೇಕಾದ್ದರಿಂದ, ಮೈಸೂರಿನ ಪದವಿ ಪತ್ರಕ್ಕೆ ಅಮೆರಿಕದಲ್ಲಿ ಅದು ಸಿಗುವುದಿಲ್ಲ. ಊರಿನ ನಿವೇಶನವನ್ನು ತಮ್ಮನ ಮೂಲಕ ಮಾರಿಸಲು ಅಣ್ಣ ಅಮೆರಿಕದಲ್ಲಿ ಬರೆದುಕೊಡುವ ಅಧಿಕಾರಪತ್ರ, ಅಂದರೆ ಪವರ್ ಆಫ್ ಅಟಾರ್ನಿ, ಅಲ್ಲಿನ ನೋಟರಿಯ ಮುಂದೆ ಸಹಿಯಾದದ್ದಾದರೆ ಅದರ ಅಪೊಸ್ಟಿಲ್ ಸಾಮಾನ್ಯವಾಗಿ ಆ ರಾಜ್ಯದ ಸರ್ಕಾರದಿಂದಲೇ ಬರುತ್ತದೆ. ಅಪೊಸ್ಟಿಲ್ ಇದ್ದರೆ ಮುದ್ರಾಂಕ ಶುಲ್ಕ ಬೇಡವೆಂದು ಭಾವಿಸುವವರು ಮಾತ್ರ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಎಡವುತ್ತಾರೆ: ಹೊರಗೆ ಬರೆದ ಇಂಥ ಪತ್ರ ಕರ್ನಾಟಕಕ್ಕೆ ಬಂದು ಮುಟ್ಟಿದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು.