ಎಳೆಯ ಸಸಿಗಳ ಬೇಸಿಗೆ ರಕ್ಷಣೆಗೆ ತೆಂಗಿನ ನಾರಿನ ಪುಡಿ

ಮುಂಗಾರಿನಲ್ಲಿ ನೆಟ್ಟ ಕಾಫಿ ಮತ್ತು ಅಡಿಕೆ ಸಸಿಗಳು ಮಳೆಗಾಲ ಮುಗಿಯುವವರೆಗೆ ಹಸುರಾಗಿಯೇ ಇರುತ್ತವೆ. ಅವುಗಳಿಗೆ ಪರೀಕ್ಷೆಯ ಕಾಲ ಜನವರಿಯಿಂದ ಹೂಮಳೆ ಬೀಳುವವರೆಗೆ. ಬೇರು ಇನ್ನೂ ಆಳಕ್ಕೆ ಇಳಿದಿರುವುದಿಲ್ಲ. ಮೇಲ್ಮಣ್ಣು ಒಣಗಿದೊಡನೆ ಸಸಿಯೂ ಬಾಡುತ್ತದೆ. ಸತ್ತ ಸಸಿಯ ಜಾಗದಲ್ಲಿ ಇನ್ನೊಂದನ್ನು ನೆಡಬಹುದು, ಕಳೆದ ವರ್ಷ ಮಾತ್ರ ಮರಳಿ ಬಾರದು. ಫಸಲಿಗೆ 5ರಿಂದ 7 ವರ್ಷ ಕಾಯಬೇಕಾದ ಅಡಿಕೆಯಲ್ಲಿ ಸಣ್ಣ ಬೆಳೆಗಾರರಿಗೆ ಇದು ದೊಡ್ಡ ನಷ್ಟವೇ ಸರಿ.

ತಿಪಟೂರು, ಅರಸೀಕೆರೆ ಕಡೆಯ ನಾರಿನ ಕಾರ್ಖಾನೆಗಳಲ್ಲಿ ನಾರು ತೆಗೆದ ಮೇಲೆ ಉಳಿಯುವ ಪುಡಿ ಇಲ್ಲಿ ನಮ್ಮ ನೆರವಿಗೆ ಬರುತ್ತದೆ. ಅದು ತನ್ನ ತೂಕದ 5ರಿಂದ 8 ಪಟ್ಟು ನೀರನ್ನು ಹೀರಿಟ್ಟುಕೊಂಡು ಬೇರಿಗೆ ನಿಧಾನವಾಗಿ ಬಿಟ್ಟುಕೊಡುತ್ತದೆ. ತೆಂಗಿನ ಸಿಪ್ಪೆಯನ್ನು ತೋಟದಲ್ಲಿ ಹೂಳುವ ಹಳೆಯ ಪದ್ಧತಿಯ ಮರ್ಮವೂ ಇದೇ.

ಆದರೆ ಕಾರ್ಖಾನೆಯಿಂದ ತಂದ ಪುಡಿಯನ್ನು ಹಾಗೆಯೇ ಗುಂಡಿಗೆ ಹಾಕಕೂಡದು. ಅದರಲ್ಲಿ ಉಪ್ಪಿನಂಶವಿರುತ್ತದೆ. ಅಲ್ಲದೆ ಸಾರಜನಕದ ಒಂದು ಪಾಲಿಗೆ ಇಂಗಾಲ ನೂರು ಪಾಲಿಗೂ ಮಿಕ್ಕಿರುತ್ತದೆ. ಇದು ಕೊಳೆಯುವಾಗ ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುವುದರಿಂದ ಸಸಿ ಹಳದಿಗೆ ತಿರುಗುತ್ತದೆ.

ಹದಗೊಳಿಸುವ ಕ್ರಮ: ಪುಡಿಯನ್ನು ಒಳ್ಳೆಯ ನೀರಿನಲ್ಲಿ ಎರಡು ಮೂರು ಸಲ ತೊಳೆದು ಬಸಿಯಬೇಕು. 1 ಟನ್ ಪುಡಿಗೆ 5 ಕೆ.ಜಿ. ಯೂರಿಯಾ, 1.5 ಕೆ.ಜಿ. ಪ್ಲೂರೋಟಸ್ ಅಣಬೆ ಬೀಜ ಸಾಕು. ನೆರಳಿನಲ್ಲಿ 100 ಕೆ.ಜಿ.ಯಂತೆ ಪದರ ಹರಡಿ, ಒಂದು ಪದರದ ಮೇಲೆ 300 ಗ್ರಾಂ ಅಣಬೆ ಬೀಜ, ಮುಂದಿನದರ ಮೇಲೆ 1 ಕೆ.ಜಿ. ಯೂರಿಯಾ, ಹೀಗೆ ಹತ್ತು ಪದರ ಏರಿಸಬೇಕು. ತೇವ ಆರದಂತೆ ನೋಡಿಕೊಳ್ಳಬೇಕು. ಒಂದೆರಡು ತಿಂಗಳಲ್ಲಿ ರಾಶಿ ತಗ್ಗಿ, ಪುಡಿ ಕಪ್ಪಾಗಿ, ಮಣ್ಣಿನ ವಾಸನೆ ಬಂದರೆ ಗೊಬ್ಬರ ಸಿದ್ಧವಾಯಿತೆಂದು ತಿಳಿಯಬೇಕು.

ಬಳಸುವ ಕ್ರಮ: ನೀರು ನಿಲ್ಲದ ಇಳಿಜಾರಿನ ಗರಸು ಮಣ್ಣಿನಲ್ಲಿ, ಗುಂಡಿ ತುಂಬುವಾಗ ಮೇಲ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರದೊಡನೆ ಬೆರೆಸಬಹುದು. ಜಿಗುಟು ಮಣ್ಣಿನಲ್ಲಿ, ತಗ್ಗಿನ ಅಡಿಕೆ ತೋಟದಲ್ಲಿ ಗುಂಡಿಗೆ ಹಾಕುವುದು ಬೇಡ. ಬೇಸಿಗೆಯಲ್ಲಿ ಕಾಯುವ ಪುಡಿಯೇ ಆಷಾಢದ ಮಳೆಯಲ್ಲಿ ನೀರು ಹಿಡಿದಿಟ್ಟು ಬೇರು ಕೊಳೆಸೀತು. ಇಂಥ ಕಡೆ ನವೆಂಬರಿನಲ್ಲಿ ಮಳೆ ನಿಂತ ಮೇಲೆ, ಮಣ್ಣಿನ ಹಸಿ ಆರುವ ಮೊದಲು, ಬುಡದಿಂದ ಒಂದು ಗೇಣು ಬಿಟ್ಟು ಸುತ್ತಲೂ ಹರಡಿ ದರಗಿನಿಂದ ಮುಚ್ಚಬೇಕು. ಪುಡಿಯನ್ನು ಮೊದಲೇ ನೆನೆಸಿರಬೇಕು.

ಈ ಪುಡಿ ನೀರನ್ನು ಉಳಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಆದ್ದರಿಂದ ನೈಋತ್ಯದ ಬಿಸಿಲಿಗೆ ನೆರಳು ಕಟ್ಟುವುದನ್ನೂ, ಆಗಾಗ್ಗೆ ನೀರು ಕೊಡುವುದನ್ನೂ ಬಿಡಲಾಗದು. ಮೊದಲ ವರ್ಷ ಹತ್ತು ಸಸಿಗಳಿಗೆ ಹಾಕಿ, ಪಕ್ಕದ ಹತ್ತನ್ನು ಹಾಗೆಯೇ ಬಿಟ್ಟು ಹೋಲಿಸಿ ನೋಡಬೇಕೆಂದು ಸದಸ್ಯರಲ್ಲಿ ಕೋರುತ್ತೇವೆ.