ಶತ್ರು ಕೊಟ್ಟ ಖಡ್ಗ

ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಅಥೆನ್ಸ್ ನಗರದಲ್ಲಿದ್ದ ಎಕ್ಸೀಕಿಯಸ್ ಎಂಬ ಕುಂಭಕಾರನದೆಂದು ಗುರುತಿಸಲಾದ ಮಣ್ಣಿನ ಕಲಶವೊಂದು ಈಗ ಫ್ರಾನ್ಸ್ ದೇಶದ ಬೂಲೋನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿದೆ. ಅದರ ಮೇಲೆ ವೀರನೊಬ್ಬ ಒಂಟಿಯಾಗಿ ಕುಕ್ಕರಗಾಲಿನಲ್ಲಿ ಕುಳಿತಿದ್ದಾನೆ. ಒಂದು ಪಕ್ಕದಲ್ಲಿ ಖರ್ಜೂರದ ಮರ, ಇನ್ನೊಂದು ಪಕ್ಕದಲ್ಲಿ ಕಳಚಿಟ್ಟ ಗುರಾಣಿ, ಶಿರಸ್ತ್ರಾಣ. ಖಡ್ಗದ ಹಿಡಿಯನ್ನು ನೆಲದಲ್ಲಿ ಹೂತು, ಮೊನೆ ಮೇಲಾಗಿ ಅಲುಗದೆ ನಿಲ್ಲುವಂತೆ, ಅದರ ಬುಡಕ್ಕೆ ಮಣ್ಣನ್ನು ಮೆತ್ತುತ್ತಿದ್ದಾನೆ. ಅಡಕೆಯ ಸಸಿ ನೆಡುವವನ ಕೈಯಲ್ಲಿ ಕಾಣುವ ಜತನವೇ ಆ ಕೈಯಲ್ಲಿಯೂ ಇದೆ. ಹಣೆಯ ಮೇಲೆ ಚಿತ್ರಕಾರ ಗೀರಿದ ಸುಕ್ಕುಗಳು. ಇನ್ನೊಂದು ಕ್ಷಣದಲ್ಲಿ ಆ ಮೊನೆಯ ಮೇಲೆ ಬೀಳಲಿರುವ ಇವನೇ ಏಜಾಕ್ಸ್.

ಟ್ರಾಯ್ ಯುದ್ಧದಲ್ಲಿ ಅಕಿಲೀಸನ ತರುವಾಯ ಎಣಿಸಬೇಕಾದ ಪರಾಕ್ರಮಿ ಈ ಸಾಲಾಮಿಸ್ ದ್ವೀಪದ ರಾಜಪುತ್ರ. ಏಳು ಪದರ ಎತ್ತಿನ ಚರ್ಮವನ್ನು ಹೊದಿಸಿದ ಅವನ ಗುರಾಣಿಯನ್ನು ಹೋಮರನು ಕೋಟೆಗೆ ಹೋಲಿಸುತ್ತಾನೆ. ಒಮ್ಮೆ ಶತ್ರುಪಕ್ಷವಾದ ಟ್ರಾಯ್‌ನ ವೀರ ಹೆಕ್ಟರನೊಡನೆ ಇರುಳು ಕವಿಯುವ ತನಕ ಕಾದಾಡಿ, ಸೋಲು ಗೆಲುವುಗಳೆರಡೂ ನಿಶ್ಚಯವಾಗದೆ, ಇಬ್ಬರೂ ಗೌರವದಿಂದ ಕಾಣಿಕೆಗಳನ್ನು ವಿನಿಮಯ ಮಾಡಿಕೊಂಡರು: ಏಜಾಕ್ಸ್ ಕೊಟ್ಟದ್ದು ನಡುಪಟ್ಟಿ, ಹೆಕ್ಟರ್ ಕೊಟ್ಟದ್ದು ಖಡ್ಗ. ಕಲಶದ ಮೇಲಿನ ಖಡ್ಗ ಅದೇ.

ಅಕಿಲೀಸನು ಮಡಿದ ಮೇಲೆ ಅವನ ದಿವ್ಯಾಯುಧಗಳು ಏಜಾಕ್ಸನಿಗಲ್ಲದೆ ವಾಕ್ಚತುರನಾದ ಒಡಿಸ್ಯೂಸನಿಗೆ ಸಂದವು. ಗ್ರೀಕ್ ನಾಟಕಕಾರ ಸೋಫೋಕ್ಲಿಸನ ‘ಏಜಾಕ್ಸ್’ ನಾಟಕ ಆರಂಭವಾಗುವುದು ಆ ಅವಮಾನದ ಬಳಿಕದ ಒಂದು ಬೆಳಗಿನಲ್ಲಿ. ಗ್ರೀಕ್ ನಾಯಕರನ್ನೆಲ್ಲ ಇರುಳಿನಲ್ಲಿ ಕೊಲ್ಲಹೊರಟವನ ಬುದ್ಧಿಯನ್ನು ಅಥೀನಾ ದೇವಿ ಕದಡಿಬಿಟ್ಟಳು. ಅವನು ಕೊಂದದ್ದು ಕುರಿ ದನಗಳನ್ನು. ಉನ್ಮಾದ ಇಳಿದು, ರಕ್ತದ ಮಡುವಿನ ನಡುವೆ ಕಣ್ಣು ತೆರೆದು, ತಾನು ಮಾಡಿದ್ದೇನೆಂಬುದನ್ನು ಕಂಡ ಆ ಗಳಿಗೆಯೇ ನಾಟಕದ ಹೃದಯವೆಂದು ನನಗೆ ತೋರುತ್ತದೆ. ಮರಣಕ್ಕೆ ಎಂದೂ ಅಂಜದವನು ಅಂದು ಅಂಜಿದ್ದು ಶತ್ರುಗಳ ನಗೆಗೆ. ಆದರೆ ಆ ಶತ್ರು ನಗಲಿಲ್ಲ. ಮನುಷ್ಯಮಾತ್ರದವರೆಲ್ಲ ನೆರಳುಗಳೇ ಅಲ್ಲವೆ ಎಂದು ಒಡಿಸ್ಯೂಸನು ಮರುಗಿದನು, ಕೊನೆಗೆ ಅವನ ಶವಕ್ಕೆ ಸಂಸ್ಕಾರ ಸಲ್ಲಬೇಕೆಂದು ವಾದಿಸಿದನು. ಏಜಾಕ್ಸನಿಗೆ ಮಾತ್ರ ಅದು ಮುಟ್ಟಲಿಲ್ಲ: ಹೋಮರನ ‘ಒಡಿಸ್ಸಿ’ಯಲ್ಲಿ ಪ್ರೇತಲೋಕದ ಅಂಚಿನಲ್ಲಿ ಒಡಿಸ್ಯೂಸನು ಎಷ್ಟು ಅನುನಯಿಸಿದರೂ ಅವನ ಛಾಯೆ ಒಂದು ಮಾತನ್ನೂ ಆಡದೆ ಕತ್ತಲೆಯೊಳಕ್ಕೆ ತಿರುಗಿ ಹೋಗುತ್ತದೆ.

ಮಾತಾಡದ ಈ ಮನುಷ್ಯನ ಹೆಸರು ಮುಂದೆ ಎಲ್ಲೆಲ್ಲಿಯೋ ಓಡಾಡಿತು. ಕ್ರಿಸ್ತಪೂರ್ವ 480ರಲ್ಲಿ ಪಾರಸಿಕರ ನೌಕಾಸೇನೆಯನ್ನು ಎದುರಿಸುವ ಮುನ್ನ ಗ್ರೀಕರು ಅವನನ್ನು ನೆರವಿಗೆ ಕರೆದರು. 1900ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಹುಡುಗರು ತಮ್ಮ ಫುಟ್‌ಬಾಲ್ ಸಂಘಕ್ಕೆ ಅವನ ಹೆಸರಿಟ್ಟರು. ಪಾತ್ರೆ ಉಜ್ಜುವ ಪುಡಿಗೂ ಅದೇ ಹೆಸರಾಯಿತು, ಏನು ಮಾಡೋಣ! 2008ರಲ್ಲಿ ಬ್ರಯನ್ ಡೋರೀಸ್ ಎಂಬ ಅಮೆರಿಕದ ರಂಗಕರ್ಮಿ, ಇರಾಕ್ ಅಫಘಾನಿಸ್ತಾನಗಳಿಂದ ಹಿಂದಿರುಗಿದ ಯೋಧರ ಮತ್ತು ಅವರ ಮಡದಿಯರ ಮುಂದೆ ಸೋಫೋಕ್ಲಿಸನ ಈ ನಾಟಕವನ್ನು ಓದಿಸಿದಾಗ, ಸಭೆ ವಿಮರ್ಶೆಯನ್ನು ಆಡಲಿಲ್ಲ, ತನ್ನ ಮನೆಯ ಮಾತನ್ನು ಆಡಿತು. ಗುಡಾರದ ಬಾಗಿಲಲ್ಲಿ ನಿಂತು ಏಜಾಕ್ಸನ ಸ್ಥಿತಿಯನ್ನು ಹೇಳಿಕೊಳ್ಳುವ ಅವನ ಮಡದಿ ಟೆಕ್ಮೆಸ್ಸಾಳ ಅಳಲು ಆ ಹೆಂಗಸರಿಗೆ ಹೊಸತಾಗಿರಲಿಲ್ಲ.

ಕನ್ನಡಕ್ಕೆ ಏಜಾಕ್ಸ್ ಬಂದದ್ದು ಇದಕ್ಕೆ ಬಹಳ ಮೊದಲು, 1929ರಲ್ಲಿ, ‘ಶ್ರೀ’ ಎನಿಸಿದ ಬಿ.ಎಂ.ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ ನಾಟಕವಾಗಿ. ಇದು ಕೇವಲ ಹೆಸರು ಬದಲಿಸಿದ ಭಾಷಾಂತರವಲ್ಲ. ಗ್ರೀಕನ ಇರುಳಿನ ದಾಳಿಗೆ ಸರಿಜೋಡಿಯನ್ನು ಅವರು ಮಹಾಭಾರತದ ಸೌಪ್ತಿಕಪರ್ವದಲ್ಲಿ ಕಂಡುಕೊಂಡರು. ಅಲ್ಲಿ ಏಜಾಕ್ಸ್ ಪಶುಗಳನ್ನು ಮನುಷ್ಯರೆಂದು ಬಗೆದು ಕೊಂದನು. ಇಲ್ಲಿ ದ್ರೋಣಪುತ್ರ ಅಶ್ವತ್ಥಾಮನು ಮಲಗಿದ್ದ ಮನುಷ್ಯರನ್ನು ಪಶುಗಳಂತೆ ಕೊಂದನು. ಶ್ರೀಯವರ ಸಾಹಸವೆಲ್ಲ ಇರುವುದು ಅಂತ್ಯದಲ್ಲಿ. ಸಪ್ತ ಚಿರಂಜೀವಿಗಳ ಶ್ಲೋಕದಲ್ಲಿ ನಾವು ಮೊದಲು ಉಚ್ಚರಿಸುವ ಹೆಸರು ಅಶ್ವತ್ಥಾಮನದು. ನರ್ಮದೆಯ ತೀರದ ಜನರಂತೂ ಅವನು ಹಣೆಯ ಹುಣ್ಣಿಗೆ ಎಣ್ಣೆ ಬೇಡುತ್ತ ಇಂದಿಗೂ ಅಲೆಯುತ್ತಿದ್ದಾನೆಂದು ಹೇಳುತ್ತಾರೆ. ಅಂಥವನನ್ನು ಶ್ರೀಯವರು ಸಾಯಗೊಟ್ಟರು. ಪುರಾಣವನ್ನು ನಂಬುವವರಿಗೆ ಇದು ಅಪಚಾರವೆಂದು ತೋರಿದರೆ ಆಶ್ಚರ್ಯವಿಲ್ಲ. ನಾನಂತೂ ಆ ನಾಟಕವನ್ನು ಓದಿ ಮುಗಿಸಿದಾಗಲೆಲ್ಲ, ಮೂರು ಸಾವಿರ ವರ್ಷ ಅಲೆಯೆಂದು ಕೃಷ್ಣನಿಂದ ಶಪ್ತನಾದವನಿಗೆ ಗ್ರೀಸ್ ದೇಶದಿಂದ ಬಿಡುಗಡೆ ಬಂದಿತೆಂದೇ ಎಣಿಸಿದ್ದೇನೆ.