ಕಣ್ಣಿಗೆ ಕಲಿಸಿದ ಇಂಗ್ಲಿಷು, ಕಿವಿಗೆ ಬಂದ ಪರೀಕ್ಷೆ

ಕಂದಾಯ ಇಲಾಖೆಯ ಲೆಕ್ಕದಲ್ಲಿ ಮಧುಗಿರಿಯು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಮಾತ್ರ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಅದೇ ಒಂದು ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳನ್ನು ಒಳಗೊಂಡ ಈ ಶೈಕ್ಷಣಿಕ ಜಿಲ್ಲೆಯ ಹೆಸರು ವರ್ಷಕ್ಕೊಮ್ಮೆ, ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾದ ದಿನ, ರಾಜ್ಯದ ಎಲ್ಲರ ಕಣ್ಣಿಗೆ ಬೀಳುತ್ತದೆ. ಎಷ್ಟನೆಯ ಸ್ಥಾನ, ಕಳೆದ ವರ್ಷಕ್ಕಿಂತ ಮೇಲೋ ಕೆಳಗೋ ಎಂಬ ಚರ್ಚೆ ಎರಡು ದಿನ ನಡೆದು ತಣ್ಣಗಾಗುತ್ತದೆ. ಆದರೆ ಇದೇ ನಾಲ್ಕು ತಾಲ್ಲೂಕುಗಳ ಮಕ್ಕಳು ಪದವಿ ಮುಗಿಸಿದ ಮೇಲೆ ಎದುರಿಸುವ ಇನ್ನೊಂದು ಪರೀಕ್ಷೆಯ ಫಲಿತಾಂಶ ಯಾವ ಪಟ್ಟಿಯಲ್ಲೂ ಕಾಣಿಸುವುದಿಲ್ಲ. ಅದು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಸಾಮರ್ಥ್ಯ ಪರೀಕ್ಷೆ. ಅದರಲ್ಲಿಯೂ ಇವರನ್ನು ಕಾಡುವುದು ಆಲಿಸುವಿಕೆಯ ಭಾಗ.

ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳಿ ನಿವೃತ್ತನಾದ ನನ್ನ ಬಳಿಗೆ ಕೆಲವು ವರ್ಷಗಳಿಂದ ಈ ಪರೀಕ್ಷೆಗೆ ಸಿದ್ಧರಾಗುವವರು ಬರುತ್ತಿದ್ದಾರೆ. ಹೆಚ್ಚಿನವರು ನರ್ಸಿಂಗ್ ಓದಿದ ಹೆಣ್ಣುಮಕ್ಕಳು. ಮಳೆ ಕೈಕೊಟ್ಟು ಶೇಂಗಾ ಬೆಳೆ ಒಣಗಿದ ವರ್ಷಗಳಲ್ಲೂ ಸಾಲ ಮಾಡಿ ಓದಿಸಿದ ಮನೆಗಳವರು. ಇವರಿಗೆ ಇಂಗ್ಲಿಷ್ ಓದಲು ಬರುತ್ತದೆ, ತಕ್ಕಮಟ್ಟಿಗೆ ಬರೆಯಲೂ ಬರುತ್ತದೆ. ಧ್ವನಿಮುದ್ರಿಕೆ ಆರಂಭವಾದೊಡನೆ ಮಾತ್ರ ಮುಖ ಬಾಡುತ್ತದೆ. ಮೊದಲ ದಿನ ಬಹುತೇಕ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಇನ್ನೊಂದು ಸಲ ಹಾಕ್ತಾರಾ ಸಾರ್?’

ಹಾಕುವುದಿಲ್ಲ. ಸುಮಾರು 30 ನಿಮಿಷಗಳ ಧ್ವನಿಮುದ್ರಿಕೆ, 4 ಭಾಗ, 40 ಪ್ರಶ್ನೆ. ಪ್ರತಿಯೊಂದು ಮಾತನ್ನೂ ಕೇಳಿಸುವುದು ಒಮ್ಮೆ ಮಾತ್ರ. ಮೊದಲಿಗೆ ದಿನಬಳಕೆಯ ಸಂಭಾಷಣೆ, ನಂತರ ಒಬ್ಬರೇ ನೀಡುವ ಮಾಹಿತಿ, ಬಳಿಕ ವಿದ್ಯಾರ್ಥಿಗಳ ನಡುವಣ ಚರ್ಚೆ, ಕಡೆಗೊಂದು ಉಪನ್ಯಾಸ. ಮಾತನಾಡುವವರು ಬ್ರಿಟಿಷರಿರಬಹುದು, ಆಸ್ಟ್ರೇಲಿಯಾ ಅಥವಾ ಉತ್ತರ ಅಮೆರಿಕದವರಿರಬಹುದು. ಕೇಳುತ್ತಿರುವಾಗಲೇ ಉತ್ತರ ಗುರುತಿಸಬೇಕು. ಕಾಗುಣಿತ ತಪ್ಪಿದರೆ ಅಂಕವಿಲ್ಲ. ಎರಡು ಪದ ಮೀರಬಾರದೆಂದ ಕಡೆ ಮೂರು ಪದ ಬರೆದರೂ ಅಂಕವಿಲ್ಲ.

ಇದರ ಗಣಿತ ನಿಷ್ಠುರವಾದುದು. 40ರಲ್ಲಿ ಸುಮಾರು 23 ಉತ್ತರಗಳು ಸರಿಯಾದರೆ 6ನೆಯ ಬ್ಯಾಂಡ್, ಸುಮಾರು 30 ಸರಿಯಾದರೆ 7. ಬ್ರಿಟನ್ನಿನ ನರ್ಸಿಂಗ್ ಮಂಡಳಿಯಲ್ಲಿ ನೋಂದಣಿಯಾಗಲು ಈ ಪರೀಕ್ಷೆ ಬರೆಯುವವರು ಆಲಿಸುವಿಕೆ, ಓದು, ಮಾತು ಮೂರರಲ್ಲೂ 7 ಪಡೆಯಬೇಕು. ಬರವಣಿಗೆಗೆ ಮಾತ್ರ 2018ರ ಕೊನೆಯಿಂದ 6.5 ಸಾಕೆಂಬ ರಿಯಾಯಿತಿ ಇದೆ. ಅಂದರೆ ಒಂದು ಕುಟುಂಬದ ಸಾಲ ತೀರುವುದಕ್ಕೂ ಇನ್ನೊಂದು ವರ್ಷ ಬೆಳೆಯುವುದಕ್ಕೂ ನಡುವೆ ಇರುವುದು ಏಳು ಉತ್ತರಗಳ ಅಂತರ. ಪರೀಕ್ಷೆಯ ಶುಲ್ಕ 15 ಸಾವಿರ ರೂಪಾಯಿಗೂ ಹೆಚ್ಚು. ಪಾವಗಡದ ಹುಡುಗಿ ಪರೀಕ್ಷೆಗಾಗಿ ಬೆಂಗಳೂರಿಗೆ ಸುಮಾರು 160 ಕಿಲೋಮೀಟರ್ ಪ್ರಯಾಣ ಮಾಡಬೇಕು. ಸೋತರೆ ಎಲ್ಲವೂ ಮೊದಲಿನಿಂದ.

ಓದಬಲ್ಲವರು ಕೇಳುವಾಗ ಏಕೆ ಸೋಲುತ್ತಾರೆ? ಉತ್ತರ ನಮ್ಮ ತರಗತಿಗಳಲ್ಲಿಯೇ ಇದೆ. ನಾವು ಇಂಗ್ಲಿಷನ್ನು ಕಣ್ಣಿಗೆ ಕಲಿಸಿದ್ದೇವೆ, ಕಿವಿಗಲ್ಲ. ಕನ್ನಡದಲ್ಲಿ ಪ್ರತಿಯೊಂದು ಅಕ್ಷರಕ್ಕೂ ಅದರ ಪಾಲಿನ ಕಾಲ ಸಲ್ಲುತ್ತದೆ, ಬರೆದುದನ್ನೆಲ್ಲ ಉಚ್ಚರಿಸುತ್ತೇವೆ. ಇಂಗ್ಲಿಷ್ ಒತ್ತಿನ ಭಾಷೆ. ಒತ್ತು ಬಿದ್ದ ಕಡೆ ಧ್ವನಿ ಎದ್ದು ನಿಲ್ಲುತ್ತದೆ, ಉಳಿದುದು ಕರಗುತ್ತದೆ. ನಮ್ಮ ‘ವೆಜಿಟೇಬಲ್’ ಅವರ ಬಾಯಲ್ಲಿ ‘ವೆಜ್‌ಟಬಲ್’, ನಮ್ಮ ‘ಕಂಫರ್ಟೇಬಲ್’ ಅವರಲ್ಲಿ ‘ಕಂಫ್ಟಬಲ್’. ಆಸ್ಟ್ರೇಲಿಯಾದವರು ಹೆಸರಿನ ಅಕ್ಷರಗಳನ್ನು ಬಿಡಿಸಿ ಹೇಳುವಾಗ ‘ಎ’ ನಮ್ಮ ಕಿವಿಗೆ ‘ಐ’ ಎಂದು ಕೇಳಿಸುವುದುಂಟು. ಪುಸ್ತಕದಲ್ಲಿ ನೂರು ಬಾರಿ ಕಂಡ ಪದವೇ ಕಿವಿಗೆ ಅಪರಿಚಿತವಾಗಿ ಬರುತ್ತದೆ.

ಇನ್ನೊಂದು ತೊಡಕು ವಾಕ್ಯರಚನೆಯದು. ನಮ್ಮಲ್ಲಿ ಕ್ರಿಯಾಪದವೂ ‘ಇಲ್ಲ’ ಎಂಬ ನಿಷೇಧವೂ ವಾಕ್ಯದ ಕೊನೆಗೆ ಸ್ಪಷ್ಟವಾಗಿ ಬರುತ್ತವೆ. ಕಿವಿ ಅಲ್ಲಿಯವರೆಗೆ ನಿಶ್ಚಿಂತೆಯಿಂದ ಕಾಯುತ್ತದೆ. ಇಂಗ್ಲಿಷಿನಲ್ಲಿ ನಿಷೇಧವು ವಾಕ್ಯದ ನಡುವೆ, ಸಹಾಯಕ ಕ್ರಿಯಾಪದದ ಬಾಲವಾಗಿ, ಅರೆಕ್ಷಣದಲ್ಲಿ ಸರಿದುಹೋಗುತ್ತದೆ. ಅದು ತಪ್ಪಿದರೆ ಅರ್ಥವೇ ತಿರುಗುಮುರುಗು. ಇದರ ಮೇಲೆ, ಮುದ್ರಿಕೆಯ ವ್ಯಕ್ತಿ ಮೊದಲು ಮಂಗಳವಾರ ಎಂದು ಹೇಳಿ, ಮರುಕ್ಷಣ ಬೇಡ, ಗುರುವಾರವೇ ಇರಲಿ ಎಂದು ತಿದ್ದಿಕೊಳ್ಳುತ್ತಾನೆ. ಮೊದಲು ಕೇಳಿದ್ದನ್ನು ಬರೆದುಕೊಂಡವರ ಒಂದು ಅಂಕ ಅಲ್ಲಿಗೆ ಹೋಯಿತು.

‘ಹದಿನೈದು ದಿನಗಳಲ್ಲಿ ಏಳು ಬ್ಯಾಂಡ್’ ಎಂಬ ಜಾಹೀರಾತುಗಳಿಗೆ ಕೊರತೆಯಿಲ್ಲ. ಅಲ್ಲಿ ಕಲಿಸುವ ಉಪಾಯಗಳು ನಿರುಪಯುಕ್ತವೆಂದು ನಾನು ಹೇಳಲಾರೆ. ಪ್ರಶ್ನೆಗಳನ್ನು ಮೊದಲೇ ಓದಿ ಉತ್ತರ ಸಂಖ್ಯೆಯೋ ಹೆಸರೋ ಎಂದು ಊಹಿಸುವುದು, ಒಂದು ಉತ್ತರ ತಪ್ಪಿಹೋದರೆ ಅದನ್ನೇ ನೆನೆಯುತ್ತ ಮುಂದಿನ ಮೂರನ್ನು ಕಳೆದುಕೊಳ್ಳದಿರುವುದು ಅಗತ್ಯವೇ. ಆದರೆ ಉಪಾಯವು ಕಿವಿಯ ಕೆಲಸವನ್ನು ಮಾಡದು. ಕಿವಿ ಪಳಗಲು ಕಾಲ ಬೇಕು.

ನಾನು ಮಾಡಿಸುವ ಅಭ್ಯಾಸ ಹಳೆಯ ಕಾಲದ್ದು: ಉಕ್ತಲೇಖನ. ಬಿಬಿಸಿ ವರ್ಲ್ಡ್ ಸರ್ವಿಸ್ ಅಥವಾ ಆಸ್ಟ್ರೇಲಿಯಾದ ಎಬಿಸಿ ವಾರ್ತೆಯ ಒಂದು ನಿಮಿಷದ ತುಣುಕನ್ನು ಮೊದಲು ಸುಮ್ಮನೆ ಕೇಳುವುದು. ನಂತರ ತಡೆದು ತಡೆದು ಬರೆಯುವುದು. ಬರೆದುದನ್ನು ಎದುರಿಗಿಟ್ಟುಕೊಂಡು ಮತ್ತೆ ಕೇಳಿ ತಿದ್ದುವುದು. ಬಿಟ್ಟುಹೋದ ಪದಗಳನ್ನು ನೋಡಿದರೆ ತಮ್ಮ ಕಿವಿ ಎಲ್ಲಿ ಎಡವುತ್ತದೆಂದು ಅವರಿಗೇ ತಿಳಿಯುತ್ತದೆ. ಇನ್ನೊಂದು ಅಭ್ಯಾಸಕ್ಕೆ ನಮ್ಮ ಊರುಗಳೇ ಸಾಕು. ವೈ.ಎನ್. ಹೊಸಕೋಟೆ, ಬುಕ್ಕಾಪಟ್ಟಣ, ಹೊಳವನಹಳ್ಳಿ, ಐ.ಡಿ. ಹಳ್ಳಿ ಎಂಬ ಹೆಸರುಗಳನ್ನು ಒಬ್ಬರು ಇಂಗ್ಲಿಷ್ ಅಕ್ಷರಗಳಲ್ಲಿ ವೇಗವಾಗಿ ಹೇಳಬೇಕು, ಇನ್ನೊಬ್ಬರು ಬರೆಯಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಮೂರು ತಿಂಗಳು ಬಿಡದೆ ಮಾಡಿದವರಲ್ಲಿ ಬದಲಾವಣೆ ಕಂಡಿದ್ದೇನೆ. ಇದಕ್ಕೆ ಬೇಕಾದುದು ಕೈಯಲ್ಲಿರುವ ಮೊಬೈಲು ಮತ್ತು ತಾಳ್ಮೆ.

ಈ ಸೀಮೆಯವರ ಕಿವಿ ಮಂದವೆಂದು ಯಾರೂ ಭಾವಿಸಬೇಕಿಲ್ಲ. ಶಿರಾ ಭಾಗದ ಕಾಡುಗೊಲ್ಲರು ಜುಂಜಪ್ಪನ ಕಥನವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವುದು ಕೇಳಿ, ಹಾಡಿ. ಬಹುತೇಕ ಆಂಧ್ರಪ್ರದೇಶದಿಂದ ಸುತ್ತುವರಿದಿರುವ ಪಾವಗಡದಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಆಡುತ್ತ ಬೆಳೆಯುತ್ತಾರೆ. ಆ ತೆಲುಗನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ. ಹೆಚ್ಚು ತಿಳಿದವನನ್ನು ‘ಬಹುಶ್ರುತ’ ಎಂದು, ಅಂದರೆ ಬಹಳ ಕೇಳಿದವನೆಂದು, ಕರೆದ ಪರಂಪರೆ ನಮ್ಮದು. ಅಂಥವರ ಮಕ್ಕಳು ಇಂಗ್ಲಿಷ್ ಕೇಳಲಾರದೆ ಸೋಲುತ್ತಿರುವುದು ವಿಪರ್ಯಾಸ.

ಸರ್ಕಾರಿ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಆರಂಭವಾದದ್ದು 2007-08ರಲ್ಲಿ. ಹತ್ತು ವರ್ಷ ಇಂಗ್ಲಿಷ್ ಓದಿದ ಮಗು ಎಸ್‌ಎಸ್‌ಎಲ್‌ಸಿಯಲ್ಲಿ ದ್ವಿತೀಯ ಭಾಷೆಯಾಗಿ ಅದನ್ನು ಬರೆಯುವಾಗ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಧ್ವನಿಮುದ್ರಿಕೆ ಕೇಳಿ ಉತ್ತರಿಸುವ ಒಂದು ಪ್ರಶ್ನೆಯೂ ಮುಖ್ಯ ಪರೀಕ್ಷೆಯಲ್ಲಿಲ್ಲ. ಪಠ್ಯದಲ್ಲಿ ಆಲಿಸುವ ಚಟುವಟಿಕೆಗಳಿದ್ದರೂ, ಅಂಕವಿಲ್ಲದುದಕ್ಕೆ ಸಮಯ ಕೊಡುವ ಧೈರ್ಯ ಫಲಿತಾಂಶದ ಒತ್ತಡದಲ್ಲಿರುವ ಶಿಕ್ಷಕರಿಗೆ ಎಲ್ಲಿಂದ ಬರಬೇಕು? ಈ ಶತಮಾನದ ಮೊದಲ ದಶಕದಲ್ಲಿ ಆಕಾಶವಾಣಿಯ ‘ಚಿನ್ನರ ಚುಕ್ಕಿ’, ‘ಚುಕ್ಕಿ ಚಿನ್ನ’ ಪಾಠಗಳು ಪ್ರಾಥಮಿಕ ಶಾಲೆಗಳನ್ನು ತಲುಪಿದ್ದವು. ಕಿವಿಯ ಮೂಲಕ ಕಲಿಸಬಹುದೆಂದು ತೋರಿಸಿದವರು ನಾವೇ. ಅಂದು ರೇಡಿಯೊದಿಂದ ಆದದ್ದು ಇಂದು ಮೊಬೈಲು, ಚಿಕ್ಕದೊಂದು ಸ್ಪೀಕರಿನಿಂದ ಇನ್ನೂ ಸುಲಭ. ಆಂತರಿಕ ಅಂಕಗಳಲ್ಲಿ 5 ಅಂಕವನ್ನು ಇದಕ್ಕೆಂದೇ ಕಡ್ಡಾಯವಾಗಿ ಮೀಸಲಿಟ್ಟರೂ ತರಗತಿಯ ರೀತಿ ಬದಲಾದೀತು.

ವಿದೇಶಕ್ಕೆ ಹೋಗುವ ಕೆಲವರಿಗಾಗಿ ಸರ್ಕಾರಿ ಶಾಲೆ ಏಕೆ ಶ್ರಮಿಸಬೇಕೆಂದು ಕೇಳುವವರಿದ್ದಾರೆ. ಇದು ವೀಸಾದ ಪ್ರಶ್ನೆಯಷ್ಟೇ ಅಲ್ಲ. ಬೆಂಗಳೂರಿನ ಆಸ್ಪತ್ರೆಯಲ್ಲಿಯೂ ವೈದ್ಯರು ಔಷಧದ ಪ್ರಮಾಣವನ್ನು ದೂರವಾಣಿಯಲ್ಲಿ ಇಂಗ್ಲಿಷಿನಲ್ಲಿಯೇ ಹೇಳುವುದುಂಟು. ‘ಫಿಫ್ಟೀನ್’ ಮತ್ತು ‘ಫಿಫ್ಟಿ’ಗಳ ವ್ಯತ್ಯಾಸ ಪರೀಕ್ಷಾ ಕೊಠಡಿಯಲ್ಲಿ ಒಂದು ಅಂಕ, ವಾರ್ಡಿನಲ್ಲಿ ಅದು ರೋಗಿಯ ಜೀವ. ಎಸ್‌ಎಸ್‌ಎಲ್‌ಸಿ ಪಟ್ಟಿಯಲ್ಲಿ ಮಧುಗಿರಿಯ ಸ್ಥಾನ ಮೇಲೇರಿದರೆ ಸಂತೋಷವೇ. ಅದರ ಜೊತೆಗೆ, ಹತ್ತು ವರ್ಷ ಇಂಗ್ಲಿಷ್ ಓದಿದ ನಮ್ಮ ಮಗು ಒಂದೇ ಸಲ ಕೇಳಿದ ಮಾತನ್ನು ಸರಿಯಾಗಿ ಗ್ರಹಿಸಬಲ್ಲುದೇ ಎಂದೂ ನಾವು ವರ್ಷಕ್ಕೊಮ್ಮೆಯಾದರೂ ಕೇಳಿಕೊಳ್ಳಬೇಕು.